ಕುಂಬಾರವಾಡದ ನೇರಳೆ ತಿಂಗಳು

ಚೌತಿ ಕಳೆದು ಮಳೆ ಒಂದಿಷ್ಟು ಬಿಡುವು ಕೊಡುವ ಹೊತ್ತಿಗೆ ಕುಂಬಾರವಾಡದ ಗದ್ದೆಗಳಲ್ಲಿ ಭತ್ತ ಹೊಡೆ ಹಿರಿಯತೊಡಗಿರುತ್ತದೆ. ಜೊಯಿಡಾದಿಂದ ಕಾರವಾರಕ್ಕೆ ಇಳಿಯುವ ರಸ್ತೆ ಈ ಊರನ್ನು ಹಾದು ಅಣಶಿಯ ಕಡೆಗೆ ಹೊರಳುತ್ತದೆ. ಜೊಯಿಡಾ ಕಡೆಯಿಂದ ಉಳವಿಗೆ ಹೋಗುವವರೂ ಇದೇ ಊರನ್ನು ದಾಟುತ್ತಾರೆ. ಎರಡೂ ಬದಿ ದಟ್ಟ ಕಾಡು. ಆ ಕಾಡಿನೊಳಗೆ ಇಳಿಜಾರು ಎಲ್ಲೆಲ್ಲಿ ಸಮವಾಗಿ ನೀರು ನಿಲ್ಲುತ್ತದೋ ಅಲ್ಲಲ್ಲಿ ಕುಣಬಿ ಸಮುದಾಯದವರ ಗದ್ದೆ, ಗದ್ದೆಯ ಮೇಲ್ಬದಿಗೆ ಮಣ್ಣಿನ ಗೋಡೆಯ ಮನೆ, ಅಂಗಳದಲ್ಲಿ ತುಳಸಿ. ಬೆಳಗ್ಗೆ ಒಂಬತ್ತಾದರೂ ಮಂಜು ಮರದ ತುದಿ ಬಿಟ್ಟಿರುವುದಿಲ್ಲ. ಗದ್ದೆಯ ಬದುವಾದ ಹಾಳಿಯ ಹುಲ್ಲು ಒದ್ದೆ, ಕಾಲಿಗೆ ಉಂಬಳ, ಎಲ್ಲೋ ದನದ ಕೊರಳಿನ ಮರಗಂಟೆಯ ಸದ್ದು.

ಬಿಸಿಲು ಒಂದು ಸಲ ಬಿದ್ದಿತೆಂದರೆ ಬಣ್ಣ ಕಾಣಿಸುತ್ತದೆ. ಮೊದಲ ನೋಟಕ್ಕೆ ಗದ್ದೆ ಬರೀ ಹಸಿರು. ನಿಂತು ನೋಡಿದರೆ ಹಾಳಿಯ ಅಂಚಿಗೆ, ನೀರು ಜಿನುಗುವ ಕಡೆಗೆಲ್ಲ ನೇರಳೆಯ ಗೆರೆ. ಮೂರು ಎಸಳಿನ ಸಣ್ಣ ಮುರ್ಡಾನಿಯಾ ಹೂವುಗಳು ಬಿಸಿಲೇರಿದ ಮೇಲೆ ಅರಳಿ ಸಂಜೆಗೆ ಮುದುಡಿಬಿಡುತ್ತವೆ. ಅವುಗಳ ಕೆಳಗೆ, ಇನ್ನೂ ಸಣ್ಣದಾಗಿ, ಗೇಣುದ್ದದ ನೂಲಿನಂಥ ದಂಟಿನ ಮೇಲೆ ಯುಟ್ರಿಕುಲೇರಿಯಾ. ಅದರ ಒಂದು ಜಾತಿ ಭತ್ತದ ದಂಟಿಗೇ ಸುತ್ತಿಕೊಂಡು ಮೇಲೇರುತ್ತದೆ. ನೀಲಿ ಬೆರೆತ ನೇರಳೆಯ ಎಸಳು, ಅದರ ಮೇಲೆ ಬಲೆ ಹೆಣೆದಂತೆ ನರಗಳು. ಗಡಿಯಾಚೆಯ ಮರಾಠಿ ಜನ ಇದನ್ನು ಸೀತೆಯ ಕಣ್ಣೀರು ಎಂದು ಕರೆಯುತ್ತಾರೆ. ಇದನ್ನು ಸರಿಯಾಗಿ ನೋಡಬೇಕಾದರೆ ಹಾಳಿಯ ಮೇಲೆ ಮಂಡಿಯೂರಬೇಕು. ನಿಂತೇ ನೋಡುವ ಹೂವಲ್ಲ ಇದು.

ಈ ಗಿಡಕ್ಕೆ ಬೇರಿಲ್ಲ. ಜಂಬಿಟ್ಟಿಗೆ ಕಲ್ಲಿನ ನೆಲದಲ್ಲಿ, ಮಳೆ ತೊಳೆದು ಸಾರವೆಲ್ಲ ಹರಿದುಹೋದ ಕೆಸರಿನಲ್ಲಿ ಸಾರಜನಕ ಸಿಗುವುದೇ ಕಷ್ಟ. ಅದಕ್ಕೇ ಅದು ಕೆಸರಿನೊಳಗೆ ಸಾಸಿವೆಗಿಂತ ಸಣ್ಣ ಚೀಲಗಳನ್ನು ಹರಡಿಕೊಂಡು ಕಾಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜಲಜೀವಿ ಚೀಲದ ಬಾಯಿಯ ಕೂದಲನ್ನು ಮುಟ್ಟಿದರೆ ಸಾಕು, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತಿನಲ್ಲಿ ಬಾಗಿಲು ತೆರೆದು, ನೀರಿನ ಸಮೇತ ಜೀವಿಯನ್ನು ಎಳೆದುಕೊಂಡು ಮತ್ತೆ ಮುಚ್ಚಿಕೊಳ್ಳುತ್ತದೆ. ಮೇಲೆ ನಿಂತ ಹೂವಿನಲ್ಲಿ ಈ ಬೇಟೆಯ ಸುಳಿವೇ ಇಲ್ಲ. ಇಷ್ಟು ನಾಜೂಕಾದದ್ದು ಇಷ್ಟು ಬಡ ನೆಲದಲ್ಲಿ ಬದುಕುವ ದಾರಿ ಹುಡುಕಿಕೊಂಡಿದೆ ಎಂಬುದು ನನಗೆ ಪ್ರತಿ ಮಳೆಗಾಲವೂ ಹೊಸದಾಗಿ ಬೆರಗು ಹುಟ್ಟಿಸುತ್ತದೆ.

ಜುಲೈ ಬಂತೆಂದರೆ ನನ್ನ ಫೋನಿಗೆ ಇನ್ನೊಂದು ನೇರಳೆ ಬರುತ್ತದೆ. ಲಂಡನ್ನಿನಲ್ಲಿ, ಫ್ರಾಂಕ್‌ಫರ್ಟ್‌ನಲ್ಲಿ ನೆಲೆಸಿದ ನಮ್ಮ ಕಡೆಯ ಹುಡುಗರು, ಹುಡುಗಿಯರು ರಜೆ ಹಾಕಿ ಲ್ಯಾವೆಂಡರ್ ಹೊಲ ನೋಡಲು ಹೋಗುತ್ತಾರೆ. ಲಂಡನ್ನಿನವರಿಗೆ ದಕ್ಷಿಣಕ್ಕೆ ಸರ್‍ರೆಯಲ್ಲಿರುವ ಮೇಫೀಲ್ಡ್ ಹತ್ತಿರ. ಸ್ಪೇನಿಗೆ ಹೋದವರು ಬ್ರಿವೇಗಾ, ಕ್ರೊಯೇಷಿಯಾಕ್ಕೆ ಹೋದವರು ಹ್ವಾರ್ ದ್ವೀಪ. ಆದರೆ ಎಲ್ಲರ ಆಸೆ ಕೊನೆಗೆ ನಿಲ್ಲುವುದು ಫ್ರಾನ್ಸಿನ ಪ್ರೊವಾನ್ಸಿನಲ್ಲಿ. ವಲಾನ್ಸೋಲ್ ಎಂಬ ಎತ್ತರದ ಬಯಲಿನಲ್ಲಿ ಜೂನ್ ನಡುವಿನಿಂದ ಜುಲೈ ನಡುವಿನವರೆಗೆ ನೆಲವೆಲ್ಲ ನೇರಳೆ. ಪಕ್ಕದಲ್ಲೇ ಹಣ್ಣಾದ ಗೋಧಿಯ ಹಳದಿ, ದೂರದಲ್ಲಿ ಆಲ್ಪ್ಸ್ ಪರ್ವತದ ನೀಲಿ. ಇನ್ನೂ ಎತ್ತರದ ಸೋ ಎಂಬಲ್ಲಿ ಹೂವು ತಡ; ಅಲ್ಲಿ ಕೊಯ್ಲು ಆಗಸ್ಟಿಗೆ ಮುಟ್ಟುತ್ತದೆ. 1148ರಲ್ಲಿ ಸಿಸ್ಟರ್ಶಿಯನ್ ಸನ್ಯಾಸಿಗಳು ಸ್ಥಾಪಿಸಿದ ಸೆನಾಂಕ್ ಮಠದ ಮುಂದಿನ ಲ್ಯಾವೆಂಡರ್ ಸಾಲುಗಳ ಚಿತ್ರವನ್ನು ಕ್ಯಾಲೆಂಡರಿನಲ್ಲಾದರೂ ನೋಡದವರು ಕಡಿಮೆ.

ನಮ್ಮ ಮನೆಗಳಿಗೆ ಲ್ಯಾವೆಂಡರ್ ಬಂದದ್ದು ಹೂವಾಗಿ ಅಲ್ಲ, ಯಾರ್ಡ್ಲೆ ಪೌಡರಿನ ಡಬ್ಬಿಯಾಗಿ. ಮದುವೆಗೆ ಹೊರಟ ಅತ್ತೆ, ಚಿಕ್ಕಮ್ಮಂದಿರ ಸೀರೆಯ ಮಡಿಕೆಯಿಂದ ಆ ಪರಿಮಳ ಬರುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ಅಂಚಿನ ಮಿಚಮ್ ಎಂಬ ಊರು ಲ್ಯಾವೆಂಡರಿಗೆ ಹೆಸರಾಗಿತ್ತು. ನಗರ ಬೆಳೆದು ಆ ಹೊಲಗಳನ್ನು ನುಂಗಿತು. ಯಾರ್ಡ್ಲೆಯ ಏಷ್ಯಾದ ವ್ಯವಹಾರವನ್ನು 2009ರಲ್ಲಿ ಕೊಂಡದ್ದು ಬೆಂಗಳೂರಿನ ವಿಪ್ರೊ.

ಒಂದು ಬೆಳಗ್ಗೆ, ಕುಂಬಾರವಾಡದ ಒಂದು ಗದ್ದೆಯ ಹಾಳಿಯ ಮೇಲೆ, ಆ ಗದ್ದೆಯೊಡತಿಗೆ ವಲಾನ್ಸೋಲಿನ ಫೋಟೊ ತೋರಿಸಿದೆ. ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿ, ಕೈ ಒರೆಸಿಕೊಂಡು, ಫೋನನ್ನು ದೂರ ಹಿಡಿದು ನೋಡಿದರು.

“ಇಷ್ಟೂ ನೆಟ್ಟಿದ್ದಾ, ತಂಗಿ? ತಾನಾಗಿ ಬಂದಿದ್ದಾ?”

“ನೆಟ್ಟಿದ್ದು, ಮಾವಶಿ. ಎಲ್ಲಾ ಸಾಲಲ್ಲೇ.”

“ಮತ್ತೆ ಊಟಕ್ಕೆ ಏನ್ ಮಾಡ್ತಾರೆ ಅವ್ರು?”

ಹೂವು ಕೊಯ್ದು, ಬೇಯಿಸಿ ಎಣ್ಣೆ ತೆಗೆಯುತ್ತಾರೆ, ಅದನ್ನು ಮಾರುತ್ತಾರೆ ಎಂದೆ. ಸ್ವಲ್ಪ ಹೊತ್ತು ಚಿತ್ರ ನೋಡಿ ಫೋನು ಹಿಂದೆ ಕೊಟ್ಟರು. “ಹಂಗಾರೆ ಅದು ಅವರ ಭತ್ತ,” ಎಂದು ಹೇಳಿ ಹುಲ್ಲು ಕೊಯ್ಯಲು ಬಾಗಿದರು.

ಎಷ್ಟೋ ಪ್ರವಾಸ ಲೇಖನಗಳಲ್ಲಿ ನನಗೆ ಸಿಗದ ಮಾತು ಅದು. ಲ್ಯಾವೆಂಡರ್ ಹೊಲ ಕನಸಿನ ಲೋಕವಲ್ಲ, ರೈತರ ಬೆಳೆ. ವಲಾನ್ಸೋಲಿನಲ್ಲಿ ಕಾಣುವ ಬಹುಪಾಲು ಗಿಡ ಅಪ್ಪಟ ಲ್ಯಾವೆಂಡರೂ ಅಲ್ಲ. ಎರಡು ಜಾತಿಗಳು ಕೂಡಿ ಹುಟ್ಟಿದ ಲ್ಯಾವೆಂಡಿನ್ ಎಂಬ ಮಿಶ್ರತಳಿ. ಅದು ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು. ಆದರೆ ಎಣ್ಣೆ ಹೆಚ್ಚು, ಯಂತ್ರದ ಕೊಯ್ಲಿಗೆ ಅನುಕೂಲ. ಸಾಬೂನು, ಬಟ್ಟೆ ತೊಳೆಯುವ ಪುಡಿಗೆ ಹೋಗುವುದು ಇದರ ಎಣ್ಣೆ. ಅಪ್ಪಟ ಲ್ಯಾವೆಂಡರ್ ಎತ್ತರದ ಗುಡ್ಡದ ಗಿಡ. ಅದರ ಒಂದು ಲೀಟರ್ ಎಣ್ಣೆಗೆ ನೂರು ಕಿಲೋಗೂ ಮಿಕ್ಕಿ ಹೂವು ಬೇಕು. ಅದರ ಬೆಲೆಯೂ ಹಾಗೆಯೇ. ಈ ಬೆಳೆಗೂ ಕಾಟಗಳಿವೆ. ಸಣ್ಣ ಜಿಗಿಹುಳವೊಂದು ರಸ ಹೀರುತ್ತ ಗಿಡದಿಂದ ಗಿಡಕ್ಕೆ ರೋಗ ಹರಡಿ, ಪ್ರೊವಾನ್ಸಿನಲ್ಲಿ ಹೊಲ ಹೊಲವೇ ಒಣಗಿದ ವರ್ಷಗಳಿವೆ. ಇನ್ನೊಂದೆಡೆ ಬಲ್ಗೇರಿಯಾ ಲ್ಯಾವೆಂಡರ್ ಎಣ್ಣೆಯಲ್ಲಿ ಫ್ರಾನ್ಸನ್ನು ಹಿಂದಿಕ್ಕಿತು, ಬೆಲೆ ಏರಿಳಿಯಿತು. ಫೋಟೊದಲ್ಲಿ ಇದಾವುದೂ ಕಾಣುವುದಿಲ್ಲ. ಬಿಳಿ ಅಂಗಿ ತೊಟ್ಟು ಸಾಲಿನ ನಡುವೆ ನಿಂತವರ ಕಾಲಡಿಯಲ್ಲಿ ಎಷ್ಟು ದಂಟು ಮುರಿಯಿತು ಎಂಬುದರ ಲೆಕ್ಕ ಇಡುವವನು ಆ ರೈತನೊಬ್ಬನೇ. ದಯವಿಟ್ಟು ಹೂವು ಕೀಳಬೇಡಿ, ಜೇನುಹುಳಗಳಿವೆ ಎಂದು ಅಲ್ಲಿಯೂ ಹೊಲದ ಅಂಚಿಗೆ ಫಲಕ ಹಾಕಬೇಕಾಗಿ ಬಂದಿದೆ.

ನಮ್ಮ ದೇಶದಲ್ಲೇ ಲ್ಯಾವೆಂಡರ್ ನೋಡಬೇಕೆಂದರೆ ಜಮ್ಮುವಿನ ದೋಡಾ ಜಿಲ್ಲೆಯ ಭದರ್ವಾಹಕ್ಕೆ ಹೋಗಬಹುದು. ಮೆಕ್ಕೆಜೋಳ ಬೆಳೆಯುತ್ತಿದ್ದ ಗುಡ್ಡದ ರೈತರು ಜಮ್ಮುವಿನ ಸರ್ಕಾರಿ ಸಂಶೋಧನಾ ಸಂಸ್ಥೆಯ ನೆರವಿನಿಂದ ಅದಕ್ಕೆ ತಿರುಗಿದರು. 2022ರಿಂದ ಅಲ್ಲಿ ಲ್ಯಾವೆಂಡರ್ ಹಬ್ಬವೂ ನಡೆಯುತ್ತಿದೆ. ಜೊಯಿಡಾದಲ್ಲಿ ಬೆಳೆದರೆ ಹೇಗೆ ಎಂದು ಕೇಳುವವರಿದ್ದಾರೆ. ಆಗದು. ಲ್ಯಾವೆಂಡರಿಗೆ ಬೇಕಾದದ್ದು ಸುಣ್ಣಕಲ್ಲಿನ ಒಣ ನೆಲ, ಬೇರಿನ ಬಳಿ ನೀರು ನಿಲ್ಲದ ಇಳಿಜಾರು, ಚಳಿಗಾಲದ ಕಡು ಚಳಿ. ಅಣಶಿ ಘಟ್ಟದ ಮಳೆ ಜೂನ್ ಮುಗಿಯುವುದರೊಳಗೆ ಅದರ ಬೇರು ಕೊಳೆಸಿಬಿಡುತ್ತದೆ.

ಆದರೆ ಅದರ ಬಳಗ ಇಲ್ಲಿಗೆ ಹೊಸದಲ್ಲ. ಲ್ಯಾವೆಂಡರ್ ತುಳಸಿಯ ಕುಟುಂಬದ ಗಿಡ. ಕುಣಬಿಗಳ ಅಂಗಳದ ಕೃಷ್ಣತುಳಸಿಯ ಕದಿರನ್ನು ಹತ್ತಿರದಿಂದ ನೋಡಿ: ಸುತ್ತು ಸುತ್ತಾಗಿ ಜೋಡಿಸಿದ, ತುಟಿಯಂತೆ ಸೀಳಿದ ಸಣ್ಣ ನೇರಳೆ ಹೂವು. ಲ್ಯಾವೆಂಡರಿನ ಕದಿರಿನ ಕಟ್ಟೂ ಇದೇ. ಲ್ಯಾವೆಂಡರಿನ ಪರಿಮಳದ ಬೆನ್ನೆಲುಬಾದ ಲಿನಲೂಲ್ ಎಂಬ ರಾಸಾಯನಿಕ ನಮ್ಮ ಕಾಮಕಸ್ತೂರಿಯಲ್ಲೂ ಇದೆ. ಇದಕ್ಕಿಂತ ಹತ್ತಿರದ ನಂಟೂ ಉಂಟು. ಲ್ಯಾವೆಂಡುಲಾ ಕುಲಕ್ಕೇ ಸೇರಿದ ಒಂದೆರಡು ಕಾಡು ಜಾತಿಗಳು ದಖ್ಖನ್ನಿನ, ಸಹ್ಯಾದ್ರಿಯ ಬಯಲು ಗುಡ್ಡಗಳಲ್ಲಿ ಯಾರೂ ನೆಡದೆ ಬೆಳೆಯುತ್ತವೆ. ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿಯಲ್ಲಿ ಮಳೆಗಾಲದ ಕೊನೆಗೆ ನೆಲ ಮುಚ್ಚುವ ನೇರಳೆ ಕದಿರುಗಳಲ್ಲಿ ಇದೇ ಕುಟುಂಬದ, ನಮ್ಮ ಪಚ್ಚೆತೆನೆಯ ಕುಲದ ಒಂದು ಗಿಡವೂ ಇದೆ. ದೂರದಿಂದ ನೋಡಿದವರು ಲ್ಯಾವೆಂಡರ್ ಎಂದೇ ನಂಬಬೇಕು.

ಕುಂಬಾರವಾಡದ ನೇರಳೆಗೆ ಒಂದೇ ತಿಂಗಳೆಂಬುದಿಲ್ಲ. ಸೆಪ್ಟೆಂಬರ್ ಅದರ ತುಂಬು ಕಾಲ, ಅಷ್ಟೆ. ಬೇಸಿಗೆಯ ಹೊತ್ತಿಗೆ ಅಂಜನಿ ಮರದ ಕೊಂಬೆಗೇ ಅಂಟಿಕೊಂಡು ಕಡುನೀಲಿ ಗೊಂಚಲು ಬರುತ್ತದೆ. ಎಲೆಯಿಲ್ಲದ ಕಡೆಯಲ್ಲೂ ತೊಗಟೆಯನ್ನೇ ಸೀಳಿ ಹೂವು. ಹೊಳೆಯ ದಂಡೆಯಲ್ಲಿ ಹೊಳೆದಾಸವಾಳ ಮೇ ತಿಂಗಳಿಗೆ ಅರಳಿ ನೀರಿನ ಮೇಲೆ ಎಸಳು ಉದುರಿಸುತ್ತದೆ. ಮೊದಲ ಮಳೆ ಬಿದ್ದ ಮೇಲೆ ಸೀತಾಳೆ ದಂಡೆ. ಹಳೆಯ ಮರದ ಕವಲಿನಿಂದ ಮೊಳದಷ್ಟು ಕೆಳಗಿಳಿದ, ಬಿಳಿಯ ಮೇಲೆ ನೇರಳೆ ಚುಕ್ಕಿಯ ಮಾಲೆ. ಕಟ್ಟದೆಯೇ ದಂಡೆಯಾಗಿ ಬಂದ ಹೂವು. ಮಲೆನಾಡಿನ ಹೆಣ್ಣುಮಕ್ಕಳು ಅದನ್ನು ಮುಡಿಗೆ ಸುತ್ತಿಕೊಂಡಂತೆ ಅಸ್ಸಾಮಿನ ಹುಡುಗಿಯರು ಬಿಹು ಕುಣಿತಕ್ಕೆ ಮುಡಿಯುವುದೂ ಇದನ್ನೇ. ಮಳೆಗಾಲದುದ್ದಕ್ಕೂ ರಸ್ತೆಯ ಬದಿಗೆ ನೆಕ್ಕರೆಯ ಗುಲಾಬಿ ಬೆರೆತ ನೇರಳೆ. ಅದರ ಹಣ್ಣು ತಿಂದ ಮಕ್ಕಳ ನಾಲಿಗೆ ಶಾಲೆ ಮುಟ್ಟುವವರೆಗೂ ಕಪ್ಪಾಗಿಯೇ ಇರುತ್ತದೆ.

ಇವೆಲ್ಲಕ್ಕಿಂತ ದೊಡ್ಡದು ಗುರಿಗೆ. ಮರಾಠಿಯಲ್ಲಿ ಕಾರ್ವಿ. ಕಾಡಿನ ಮರಗಳ ಬುಡಕ್ಕೆ ಆಳೆತ್ತರ ಬೆಳೆದು, ಎಷ್ಟೋ ವರ್ಷ ಬರೀ ಎಲೆಯಾಗಿಯೇ ಇರುವ ಗಿಡ. ಕಾರ್ವಿಗೆ ಏಳೆಂಟು ವರ್ಷ, ಗಿರಿಗಳ ನೀಲಕುರಿಂಜಿಗೆ ಹನ್ನೆರಡು. ಹೀಗೆ ಒಂದೊಂದು ಜಾತಿಗೂ ಒಂದೊಂದು ಲೆಕ್ಕ. ಆ ವರ್ಷ ಬಂದಾಗ ಇಡೀ ಇಳಿಜಾರು ಒಟ್ಟಿಗೆ ಹೂ ಬಿಟ್ಟು, ಬೀಜ ಕಟ್ಟಿ, ಒಟ್ಟಿಗೆ ಸಾಯುತ್ತದೆ. ಬದುಕಿನಲ್ಲಿ ಒಂದೇ ಸಲ ಅರಳುವ ಗಿಡ ಇಷ್ಟು ಸಾವಿರ ಜೊತೆಗಾರರೊಡನೆ ಅರಳುವುದಕ್ಕೆ ಕಾರಣ ಇರಬೇಕು. ತಿನ್ನುವ ಹುಳ, ಹಕ್ಕಿ, ಇಲಿಗಳೆಲ್ಲ ಹೊಟ್ಟೆ ತುಂಬಿಸಿಕೊಂಡರೂ ಮುಗಿಯದಷ್ಟು ಬೀಜ ಒಮ್ಮೆಲೇ ಉದುರಿಸುವ ಉಪಾಯ ಎಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಆ ವರ್ಷ ಹೆಜ್ಜೇನು, ತುಡುವೆ ಎರಡಕ್ಕೂ ಹಬ್ಬ. ಒಣಗಿದ ಕಾರ್ವಿಯ ದಂಟು ಸಹ್ಯಾದ್ರಿಯ ಹಳ್ಳಿಗಳಲ್ಲಿ ಗೋಡೆಯಾಗುತ್ತದೆ: ಹೆಣೆದು, ಮೇಲೆ ಮಣ್ಣು, ಸಗಣಿ ಮೆತ್ತಿದರೆ ಮನೆ.

ಇಂಥ ಹೂವು ಸುದ್ದಿಯಾದರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇವೆ. 2021ರಲ್ಲಿ ಕೊಡಗಿನ ಮಾಂದಲಪಟ್ಟಿಯಲ್ಲಿ, 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಕುರಿಂಜಿ ಅರಳಿದಾಗ ಗಿರಿ ಏರುವ ದಾರಿಯೆಲ್ಲ ವಾಹನವೇ ವಾಹನ. ಪಶ್ಚಿಮ ಘಟ್ಟದ ವಿಶ್ವ ಪರಂಪರೆಯ ಪಟ್ಟಿಗೆ 2012ರಲ್ಲಿ ಸೇರಿದ ಕಾಸ್‌ನಲ್ಲಿ ಶುಲ್ಕ ಇಟ್ಟು, ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿ ಹೂವನ್ನು ಕಾಯಬೇಕಾಯಿತು. ಬೆರಳಷ್ಟು ಮಣ್ಣಿನ ಮೇಲೆ ಬದುಕುವ ಗಿಡಕ್ಕೆ ಒಂದು ಬೂಟಿನ ಹೆಜ್ಜೆಯೂ ಭಾರ.

ಕುಂಬಾರವಾಡಕ್ಕೆ ಆ ಗದ್ದಲ ಇನ್ನೂ ಬಂದಿಲ್ಲ. ದಾಂಡೇಲಿಗೆ ಬರುವವರು ಕಾಳಿ ನದಿಯ ದೋಣಿಗೆ, ಹುಲಿಯ ಆಸೆಗೆ ಬರುತ್ತಾರೆ. 1956ರಲ್ಲಿ ದಾಂಡೇಲಿ ವನ್ಯಧಾಮ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶ, 2015ರಿಂದ ಅದಕ್ಕೆ ಕಾಳಿಯದೇ ಹೆಸರು. ಕುಂಬಾರವಾಡ ಅದರ ಒಂದು ವಲಯ. ಹುಲಿಗಾಗಿ ಬಿಗಿ ಮಾಡಿದ ಕಾಯ್ದೆ ಈ ಸಣ್ಣ ಹೂವುಗಳನ್ನೂ ಕಾದಿದೆ. ಆದರೆ ಗದ್ದೆಯ ಹೂವನ್ನು ಕಾದಿರುವವರು ಕುಣಬಿಗಳು. ಅವರು ಹಾಳಿಯ ಹುಲ್ಲನ್ನು ಕತ್ತಿಯಲ್ಲಿ ಕೊಯ್ಯುತ್ತಾರೆ, ಕಳೆನಾಶಕ ಸಿಂಪಡಿಸುವುದಿಲ್ಲ. ಮಳೆಗಾಲದ ಗದ್ದೆ, ಹಿತ್ತಿಲ ಮುಡ್ಲಿ, ಕೋನ, ಗೆಣಸಿನಂಥ ಗೆಡ್ಡೆಗಳು, ಇವೇ ಅವರ ಬದುಕು. ಜನವರಿಯ ಹೊತ್ತಿಗೆ ಜೊಯಿಡಾದ ಗೆಡ್ಡೆ ಗೆಣಸಿನ ಮೇಳಕ್ಕೆ ಅವನ್ನೇ ಹೊತ್ತು ತರುತ್ತಾರೆ. ರಾತ್ರಿ ಕಾಡುಕೋಣ, ಹಂದಿ ಬಂದು ಗದ್ದೆ ತುಳಿಯದಂತೆ ಮಾಳದಲ್ಲಿ ಕೂತು ಕೂಗು ಹಾಕುತ್ತಾರೆ. ಮುರ್ಡಾನಿಯಾ, ಯುಟ್ರಿಕುಲೇರಿಯಾಗಳನ್ನು ಅವರು ಹೆಸರಿಟ್ಟು ಕಾಪಾಡಿಲ್ಲ. ಅವರ ಬೇಸಾಯದ ರೀತಿಯಲ್ಲೇ ಆ ಹೂವಿಗೂ ಜಾಗ ಉಳಿದಿದೆ. ಕಳೆನಾಶಕದ ಡಬ್ಬಿ ಆ ಹಾಳಿಗೆ ಬಂದ ವರ್ಷ ಆ ನೇರಳೆ ಹೋಗುತ್ತದೆ; ಬಯಲುಸೀಮೆಯ ಎಷ್ಟೋ ಕಡೆ ಹೋಗಿಯೂ ಆಗಿದೆ.

ವಲಾನ್ಸೋಲಿಗೆ ಹೋಗುವವರು ಖಂಡಿತ ಹೋಗಲಿ. ಅಷ್ಟು ದೂರ ಹರಡಿದ ಒಂದೇ ಬಣ್ಣ, ಬಿಸಿಲು ಏರಿದಂತೆ ಗಾಳಿಗೆ ತುಂಬುವ ಪರಿಮಳ, ಜೇನಿನ ಮೊರೆತ, ಇವು ನೋಡಬೇಕಾದವೇ. ಅಲ್ಲಿನ ರೈತನಿಂದ ಒಂದು ಸೀಸೆ ಎಣ್ಣೆ, ಒಂದು ಡಬ್ಬಿ ಜೇನು ಕೊಂಡು ಬನ್ನಿ. ಆ ಹೊಲ ನಡೆಯುವುದು ಅದರಿಂದ. ಆದರೆ ಊರಿಗೆ ರಜೆಗೆ ಬರುವುದು ಸೆಪ್ಟೆಂಬರಿನಲ್ಲಾದರೆ ಮಕ್ಕಳನ್ನು ಒಂದು ದಿನ ಈ ಕಡೆಗೂ ಕರೆದುಕೊಂಡು ಬನ್ನಿ. ಅವರಿಗೆ ಒಂದು ಭೂತಗನ್ನಡಿ ಕೊಡಿ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿಗೆ ಕಾಲಿಡಬೇಡಿ, ಅಣಶಿ ಘಟ್ಟದ ತಿರುವಿನಲ್ಲಿ ಗಾಡಿ ನಿಲ್ಲಿಸಬೇಡಿ, ಸೀತಾಳೆ ದಂಡೆಯನ್ನು ಮರದಿಂದ ಕೀಳಬೇಡಿ. ಗದ್ದೆಯ ಹತ್ತಿರ ಹೋಗುವ ಮುನ್ನ ಮನೆಯವರನ್ನು ಕೇಳಿ, ಅವರು ತೋರಿಸಿದ ಕಡೆಯಲ್ಲೇ ನಡೆಯಿರಿ. ಮಳೆಗೆ ನೆನೆದ ಹಾಳಿ ಬೇಗ ಕುಸಿಯುತ್ತದೆ. ಹಾಳಿ ಕುಸಿದರೆ ನೀರು ಹರಿದುಹೋಗುತ್ತದೆ, ಹೊಡೆ ಹಿರಿಯುವ ಹೊತ್ತಿನಲ್ಲಿ ನೀರು ಹೋದರೆ ಭತ್ತ ಜೊಳ್ಳಾಗುತ್ತದೆ.