ಹಕೊನೆ: ಮಳೆಯಲ್ಲೇ ನೋಡಬೇಕಾದ ಬಿಸಿನೀರ ಬೆಟ್ಟ

ಟೋಕಿಯೋದ ಶಿಂಜುಕು ನಿಲ್ದಾಣದಲ್ಲಿ ರೊಮಾನ್ಸ್‌ಕಾರ್ ರೈಲು ಹತ್ತಿದರೆ ಸುಮಾರು ಒಂದೂವರೆ ಗಂಟೆಯಲ್ಲಿ ಹಕೊನೆ ಬೆಟ್ಟದ ಬುಡ. ಬೆಳಿಗ್ಗೆ ಹೋಗಿ ರಾತ್ರಿ ಮರಳಬಹುದು. ಹಾಗಿದ್ದರೂ ಮಳೆ ಹಿಡಿದ ದಿನ ಅನೇಕ ಪ್ರವಾಸಿಗಳು ಹೊರಡುವುದನ್ನೇ ಬಿಡುತ್ತಾರೆ. ಫ್ಯೂಜಿ ಪರ್ವತ ಕಾಣುವುದಿಲ್ಲವಲ್ಲ ಎಂಬ ಬೇಸರ ಅವರದು. ಫ್ಯೂಜಿ ಕಾಣದು, ನಿಜ. ಆದರೆ ಹಕೊನೆಯ ಚೆಲುವು ಅರಳುವುದೇ ಮಳೆಯಲ್ಲಿ. ಅಲ್ಲಿನ ಬಿಸಿನೀರು, ಹೂವು, ಕಲ್ಲುದಾರಿ ಎಲ್ಲದರ ಹಿಂದೆಯೂ ಮಳೆಯ ಕೈವಾಡವಿದೆ.

ಕನಗಾವ ಪ್ರಾಂತ್ಯದ ಈ ಜ್ವಾಲಾಮುಖಿ ಪ್ರದೇಶ 1936ರಲ್ಲಿಯೇ ರಾಷ್ಟ್ರೀಯ ಉದ್ಯಾನವಾಯಿತು. ಪರಿಚಯವನ್ನು ಬೆಟ್ಟದ ರೈಲಿನಿಂದಲೇ ಶುರು ಮಾಡಬೇಕು. ಹಕೊನೆ ಯುಮೊತೊದಿಂದ ಗೋರಾವರೆಗಿನ ಈ ಮಾರ್ಗ 1919ರಲ್ಲಿ ತೆರೆಯಿತು. ಒಂಬತ್ತು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ರೈಲು 445 ಮೀಟರ್ ಮೇಲೇರುತ್ತದೆ. ಅತಿ ಕಡಿದಾದ ಕಡೆ ಸಾವಿರ ಮೀಟರಿಗೆ 80 ಮೀಟರ್ ಏರು. ಹೆಚ್ಚುಕಡಿಮೆ ಇಷ್ಟೇ ಕಡಿದಾದ ಏರನ್ನು ನಮ್ಮ ಊಟಿ ರೈಲು ಹತ್ತುವುದು ಹಲ್ಲುಹಳಿಯ ಆಸರೆಯಿಂದ. ಹಕೊನೆಯ ರೈಲಿಗೆ ಆ ಆಸರೆಯೂ ಇಲ್ಲ. ಮೂರು ಕಡೆ ಅದು ನಿಂತು, ದಿಕ್ಕು ಬದಲಿಸಿ, ಅಂಕುಡೊಂಕಾಗಿ ಮೇಲೇರುತ್ತದೆ. ಪ್ರತಿ ಸಲವೂ ಚಾಲಕ ಮತ್ತು ಕಂಡಕ್ಟರ್ ಇಬ್ಬರೂ ಇಳಿದು ತಮ್ಮ ತುದಿಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ಬಿಗಿ ತಿರುವುಗಳಲ್ಲಿ ಹಳಿ ಸವೆಯದಂತೆ ಎಣ್ಣೆ ಹಾಕಿದರೆ ಏರಿನಲ್ಲಿ ಗಾಲಿ ಜಾರುತ್ತದೆ. ಹಾಗಾಗಿ ರೈಲು ತಾನೇ ಟ್ಯಾಂಕಿನಲ್ಲಿ ಹೊತ್ತ ನೀರನ್ನು ಹಳಿಗೆ ಚಿಮುಕಿಸುತ್ತಾ ಸಾಗುತ್ತದೆ.

ಜಪಾನಿನ ಮಳೆಗಾಲ ಜೂನ್ ಹೊತ್ತಿಗೆ ಕಾಲಿಡುತ್ತದೆ. ಆಗ ಹಳಿಯ ಇಕ್ಕೆಲದಲ್ಲೂ ಹೈಡ್ರೇಂಜಿಯ ಹೂವು, ನೀಲಿ, ನೇರಳೆ, ಬಿಳಿ ಗೊಂಚಲುಗಳು ಕಿಟಕಿಗೆ ತಾಗುವಷ್ಟು ಹತ್ತಿರ. ಬುಡದ ನಿಲ್ದಾಣಗಳಲ್ಲಿ ಮೊದಲು ಅರಳಿ, ಎತ್ತರಕ್ಕೆ ಹೋದಂತೆ ತಡವಾಗಿ ಅರಳುವುದರಿಂದ ಜುಲೈ ನಡುವಿನವರೆಗೂ ಎಲ್ಲಾದರೊಂದು ಕಡೆ ಹೂವು ಸಿಕ್ಕೇ ಸಿಗುತ್ತದೆ.

ಇದೇ ಮಳೆ ಮುನಿದದ್ದೂ ಉಂಟು. 2019ರ ಅಕ್ಟೋಬರ್ 12ರಂದು ಹಗಿಬಿಸ್ ಚಂಡಮಾರುತ ಬಂದಾಗ ಹಕೊನೆಯಲ್ಲಿ ಒಂದೇ ದಿನ 922.5 ಮಿಲಿಮೀಟರ್ ಮಳೆ ಸುರಿಯಿತು. ಜಪಾನಿನ ಒಂದು ದಿನದ ಮಳೆಯಲ್ಲಿ ಅದು ದಾಖಲೆ. ಹಳಿ, ಸೇತುವೆ ಕೊಚ್ಚಿಹೋದವು. ಬೆಟ್ಟದ ಕಡಿದಾದ ಮೈಯಲ್ಲಿ ತಿಂಗಳುಗಟ್ಟಲೆ ದುಡಿದು 2020ರ ಜುಲೈನಲ್ಲಿ ರೈಲನ್ನು ಮತ್ತೆ ಓಡಿಸಿದ ಕೆಲಸಗಾರರು ಮೆಚ್ಚುಗೆಗೆ ಅರ್ಹರು.

ಬಿದ್ದ ಮಳೆ ಹರಿದುಹೋದರೆ ಕಥೆ ಮುಗಿಯಿತು. ಇಂಗಿದರೆ ಇಲ್ಲಿ ಕಥೆ ಶುರು. ನೆಲಕ್ಕಿಳಿದ ನೀರು ಜ್ವಾಲಾಮುಖಿಯ ಕಾವಿಗೆ ಕಾದು, ಬಂಡೆಗಳ ಲವಣವನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಟೋಕಿಯೋವನ್ನು ಎಡೋ ಎಂದು ಕರೆಯುತ್ತಿದ್ದ ಎಡೋ ಕಾಲದಲ್ಲಿ ಏಳು ಬುಗ್ಗೆ ಊರುಗಳೆಂದು ಹೆಸರಾಗಿದ್ದ ಹಕೊನೆಯಲ್ಲಿ ಈಗ ಹದಿನೇಳನ್ನು ಎಣಿಸುತ್ತಾರೆ. ಊರಿನಿಂದ ಊರಿಗೆ ನೀರಿನ ಗುಣ ಬೇರೆ. ಯುಮೊತೊದ ನೀರು ತಿಳಿ, ಮೃದು. ಆಶಿನೊಯುವಿನಲ್ಲಿ ಗಂಧಕದ ವಾಸನೆ. ಓವಕುದಾನಿ ಕಣಿವೆಯಲ್ಲಂತೂ ಬೆಟ್ಟದಿಂದಲೇ ಹಬೆ ನುಗ್ಗುತ್ತದೆ. ಅಲ್ಲಿನ ಬಿಸಿನೀರಿನಲ್ಲಿ ಬೇಯಿಸಿದ ಮೊಟ್ಟೆಯ ಸಿಪ್ಪೆ ಕಡುಕಪ್ಪು: ನೀರಿನ ಕಬ್ಬಿಣ ಸಿಪ್ಪೆಗೆ ಅಂಟಿ, ಗಂಧಕದ ಅನಿಲದೊಡನೆ ಬೆರೆತು ಆ ಬಣ್ಣ ತರುತ್ತದೆ. ಒಂದು ತಿಂದರೆ ಆಯುಷ್ಯಕ್ಕೆ ಏಳು ವರ್ಷ ಸೇರುತ್ತದೆಂಬುದು ಸ್ಥಳೀಯರ ನಂಬಿಕೆ.

ಜಪಾನೀಯರು ಒನ್‌ಸೆನ್ ಎನ್ನುವ ಈ ಬಿಸಿನೀರ ಸ್ನಾನಕ್ಕೆ 1948ರ ಕಾನೂನೇ ಇದೆ. ನೀರು ಬುಗ್ಗೆಯಿಂದ ಹೊರಬರುವಾಗ ಕನಿಷ್ಠ 25 ಡಿಗ್ರಿ ಇರಬೇಕು, ಇಲ್ಲವೇ ಗೊತ್ತುಪಡಿಸಿದ ಹತ್ತೊಂಬತ್ತು ಅಂಶಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿರಬೇಕು. ಸ್ನಾನದ ಶಿಸ್ತೂ ಅಷ್ಟೇ ಖಚಿತ. ಗಂಡಸರಿಗೆ, ಹೆಂಗಸರಿಗೆ ಸಾಮಾನ್ಯವಾಗಿ ಬೇರೆ ಬೇರೆ ಕೋಣೆ. ಒಳಗೆ ಬಟ್ಟೆಗೆ ಅವಕಾಶವಿಲ್ಲ. ಮೊದಲು ಗಿಡ್ಡ ಮಣೆಯ ಮೇಲೆ ಕುಳಿತು ಸೋಪು ಹಚ್ಚಿ ಮೈ ತೊಳೆದುಕೊಳ್ಳಬೇಕು. ಕೊಳಕ್ಕಿಳಿಯುವುದು ಆಮೇಲೆ. ಉದ್ದ ಕೂದಲನ್ನು ಮೇಲೆತ್ತಿ ಕಟ್ಟಬೇಕು, ಟವೆಲನ್ನು ನೀರಿಗೆ ಅದ್ದಬಾರದು. ಮೈ ತೋರಿಸಲು ಹಿಂಜರಿಯುವುದು ನಮ್ಮಲ್ಲಿ ಸಹಜ. ಆದರೆ ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲವೆಂದು ಅರಿವಾದೊಡನೆ ಸಂಕೋಚ ತಾನಾಗಿ ಕಳಚುತ್ತದೆ. ಬಯಲು ಕೊಳದಲ್ಲಿ ಕುತ್ತಿಗೆಯವರೆಗೆ ಬಿಸಿನೀರು, ತಲೆಯ ಮೇಲೆ ತಣ್ಣನೆ ಹನಿ. ಈ ಸುಖ ಬಿಸಿಲ ದಿನದಲ್ಲಿ ಸಿಗುವಂಥದ್ದಲ್ಲ.

ಸ್ನಾನ ಮುಗಿಸಿದವರು ಹತಜುಕು ಹಳ್ಳಿಗೂ ಹೋಗಿಬರಬೇಕು. ಎಡೋ ಮತ್ತು ಕ್ಯೋಟೊ ನಡುವಿನ ಹಳೆಯ ತೊಕೈದೊ ಹೆದ್ದಾರಿ ಹಾದುಹೋಗುತ್ತಿದ್ದುದು ಇಲ್ಲಿಯೇ. ಮಳೆಗೆ ದಾರಿ ಕೆಸರಾಗುತ್ತದೆಂದು ಮೊದಲು ಬಿದಿರು ಹಾಸುತ್ತಿದ್ದರು. 1680ರಲ್ಲಿ ಕಲ್ಲು ಹಾಸಿದರು. ಆ ಕಲ್ಲುಹಾಸಿನ ತುಣುಕುಗಳ ಮೇಲೆ ಇಂದಿಗೂ ನಡೆಯಬಹುದು. ಎಡೋ ಕಾಲದ ಕೊನೆಯಲ್ಲಿ ಈ ದಾರಿಹೋಕರಿಗೆಂದೇ ಬೆಳೆದ ಕಸುಬು ಯೊಸೆಗಿ. ಬೇರೆ ಬೇರೆ ಜಾತಿಯ ಮರದ ಕಡ್ಡಿಗಳನ್ನು ಒಟ್ಟಿಗೆ ಅಂಟಿಸಿ ದಿಮ್ಮಿ ಮಾಡುತ್ತಾರೆ. ಅದನ್ನು ಉಜ್ಜುಕೊರಡಿನಿಂದ ಕಾಗದದಷ್ಟು ತೆಳ್ಳಗೆ ಹೆರೆದು ಪೆಟ್ಟಿಗೆಗಳ ಮೇಲೆ ಹಚ್ಚುತ್ತಾರೆ. ಚಿತ್ತಾರದ ಬಣ್ಣವೆಲ್ಲ ಮರದ ಸ್ವಂತದ್ದು. ಪಟ್ಟಿಗಳನ್ನು ಸರಿಯಾದ ಕ್ರಮದಲ್ಲಿ ಸರಿಸಿದರೆ ಮಾತ್ರ ತೆರೆಯುವ ಗುಟ್ಟಿನ ಪೆಟ್ಟಿಗೆಯನ್ನು ಮಕ್ಕಳಿಗೆ ತಂದುಕೊಟ್ಟು ನೋಡಿ!

ಹೊರಡುವ ಮುನ್ನ ಒಂದೆರಡು ಎಚ್ಚರಿಕೆ. ಗಾಳಿ ಜೋರಾದರೆ ಓವಕುದಾನಿಗೆ ಒಯ್ಯುವ ರೋಪ್‌ವೇ ನಿಲ್ಲುತ್ತದೆ. ಗಂಧಕದ ಅನಿಲ ಹೆಚ್ಚಾದಾಗ ಓವಕುದಾನಿಗೆ ಪ್ರವೇಶ ಮುಚ್ಚುತ್ತಾರೆ. ಆಸ್ತಮಾ ಇರುವವರು ಅತ್ತ ಹೋಗದಿರುವುದೇ ಒಳ್ಳೆಯದು. ಚಂಡಮಾರುತದ ಮುನ್ಸೂಚನೆ ಇದ್ದರೆ ಪ್ರವಾಸ ಮುಂದೂಡಿ. ಸಾಧಾರಣ ಮಳೆಯಾದರೆ ಕೊಡೆ, ಜಾರದ ಚಪ್ಪಲಿ, ಒಂದು ಸಣ್ಣ ಟವೆಲು ಸಾಕು. ಜೂನ್‌ನಲ್ಲಿ ಜಪಾನಿಗೆ ಹೋಗುವವರು ಬಿಸಿಲ ದಿನಗಳನ್ನು ಟೋಕಿಯೋಗೆ ಇಟ್ಟುಕೊಳ್ಳಿ, ಮಳೆಯ ದಿನವನ್ನು ಹಕೊನೆಗೆ ಎತ್ತಿಡಿ.