ಮೊದಲ ಗಿರಾಕಿ ಎಲ್ಲಿಂದ ಬರಬೇಕು?

ಬೆಂಗಳೂರಿನ ಕೃಷ್ಣರಾಜಪುರದ ಪಿ.ಜಿ.ಗಳಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುವ ಹೊಸ ಫ್ರೀಲ್ಯಾನ್ಸ್ ಡೆವಲಪರ್‌ಗೆ ಒಂದು ದಾರಿ ಗೊತ್ತಿತ್ತು. ಅಪ್‌ವರ್ಕ್‌ನಂಥ ತಾಣದಲ್ಲಿ ಯಾರೋ 'ನಮ್ಮ ವೆಬ್‌ಸೈಟಿನ ಫಾರಂ ತುಂಬಿದರೆ ಮೇಲ್ ಬರುತ್ತಿಲ್ಲ, ಸರಿಮಾಡಿಕೊಡಿ' ಎಂದು ಹಾಕಿರುತ್ತಾರೆ. ಒಂದು ಸಂಜೆಯ ಕೆಲಸ, ಸಿಗುವುದು ಪುಡಿಗಾಸು. ದುಡಿಯುವುದು ಕಾಸಿಗಲ್ಲ, ಕೊನೆಗೆ ಗಿರಾಕಿ ಬರೆಯುವ ಎರಡು ಸಾಲಿನ ರಿವ್ಯೂಗೆ. ಎರಡನೆಯ ಗಿರಾಕಿ ಮೊದಲು ಓದುವುದು ಅದನ್ನೇ.

ರಿವ್ಯೂ ಎಂಬ ಈ ದಾಖಲೆಯ ಬೆಲೆಯನ್ನು ಅಳೆದವರಿದ್ದಾರೆ. ಅರ್ಥಶಾಸ್ತ್ರಜ್ಞೆ ಅಮಾಂಡಾ ಪಾಲೈಸ್, ಅಪ್‌ವರ್ಕ್ ಇನ್ನೂ ಓಡೆಸ್ಕ್ ಆಗಿದ್ದ ಕಾಲದಲ್ಲಿ, ಅರ್ಜಿ ಹಾಕಿದವರಲ್ಲಿ 952 ಮಂದಿಯನ್ನು ಚೀಟಿ ಎತ್ತಿದಂತೆ ಆರಿಸಿ ಡೇಟಾ ಎಂಟ್ರಿ ಕೆಲಸ ಕೊಟ್ಟರು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹೊಸಬರಲ್ಲಿ ಹೀಗೆ ಆಯ್ಕೆಯಾದವರಿಗೆ, ಆಗದವರಿಗಿಂತ, ಮುಂದೆ ಕೆಲಸವೂ ಸಂಪಾದನೆಯೂ ಹೆಚ್ಚಾಯಿತು. ಸಾಮರ್ಥ್ಯದಲ್ಲಿ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. ಒಂದಕ್ಕೆ ದಾಖಲೆ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಹಾಗಿದ್ದೂ ಹೊಸಬರನ್ನು ಯಾರೂ ಕರೆಯುವುದಿಲ್ಲ ಏಕೆ? ಪರೀಕ್ಷಿಸಿ ನೋಡುವ ಖರ್ಚು ಮೊದಲ ಗಿರಾಕಿಯದು, ಲಾಭ ಆಮೇಲೆ ಬರುವವರದು. ಕೆಟ್ಟರೂ ಪರವಾಗಿಲ್ಲ ಎನ್ನುವಷ್ಟು ಸಣ್ಣ ಕೆಲಸವಾದರೆ ಮಾತ್ರ ಆತ ಹೊಸಬರನ್ನು ನಂಬುತ್ತಾನೆ.

ಈಗ ಕರಗುತ್ತಿರುವುದು ಅಂಥ ಚಿಲ್ಲರೆ ಕೆಲಸವೇ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂತು. ಸಂಶೋಧಕರಾದ ಡೆಮಿರ್ಜಿ ಮತ್ತು ಸಂಗಡಿಗರು ಒಂದು ದೊಡ್ಡ ಫ್ರೀಲ್ಯಾನ್ಸ್ ತಾಣದ ಜಾಹೀರಾತುಗಳನ್ನು ಪರಿಶೀಲಿಸಿದಾಗ, ಎಂಟು ತಿಂಗಳೊಳಗೆ ಬರವಣಿಗೆ ಮತ್ತು ಕೋಡಿಂಗ್ ಕೆಲಸಗಳು ಎ.ಐ.ಗೆ ಸುಲಭವಾಗಿ ಒಪ್ಪಿಸಲಾಗದ ಕೆಲಸಗಳಿಗೆ ಹೋಲಿಸಿದರೆ ಶೇ 21ರಷ್ಟು ಕುಸಿದಿದ್ದವು. ಕುಸಿತದ ನಂತರ ಉಳಿದ ಕೆಲಸಗಳು ಹೆಚ್ಚು ಜಟಿಲ, ಪೈಪೋಟಿಯೂ ಹೆಚ್ಚು. ಅಪ್‌ವರ್ಕ್‌ನಲ್ಲಿ ಪ್ರಪೋಸಲ್ ಕಳಿಸಲು 'ಕನೆಕ್ಟ್ಸ್' ಎಂಬ ಟೋಕನ್ ಖರ್ಚು ಮಾಡಬೇಕು. ಕೆಲಸ ಸಿಗುವ ಮೊದಲೇ ಹೊಸಬನ ಜೇಬು ಖಾಲಿ.

ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2025ರಲ್ಲಿ ಅಮೆರಿಕದ ಸಂಬಳದ ದಾಖಲೆಗಳನ್ನು ನೋಡಿದರು. 22ರಿಂದ 25 ವಯಸ್ಸಿನ ಸಾಫ್ಟ್‌ವೇರ್ ಡೆವಲಪರ್‌ಗಳ ಉದ್ಯೋಗ 2022ರ ಕೊನೆಯ ಮಟ್ಟಕ್ಕಿಂತ ಸುಮಾರು ಶೇ 20 ಇಳಿದಿತ್ತು. ಹಿರಿಯರದು ಹಾಗೆ ಇಳಿದಿರಲಿಲ್ಲ. ಅದು ಅಲ್ಲಿನ ನೌಕರರ ಲೆಕ್ಕ, ಬೆಂಗಳೂರಿಗೆ ಹಾಗೇ ಅಂಟಿಸಲಾಗದು. ಆದರೆ ಎರಡೂ ಅಧ್ಯಯನಗಳನ್ನು ಪಾಲೈಸ್ ಪ್ರಯೋಗದ ಪಕ್ಕ ಇಟ್ಟರೆ, ಪೆಟ್ಟು ಬೀಳುವುದು ಕಲಿಯುವ ಹಂತಕ್ಕೆ ಎಂಬುದು ಕಾಣುತ್ತದೆ. ಇವತ್ತು ಮೊದಲ ರಿವ್ಯೂ ಸಿಗದವನು 2030ರಲ್ಲಿ ಅನುಭವಿಯಾಗಿರುವುದಿಲ್ಲ.

ಹಿಂದೆ ಹೀಗಿರಲಿಲ್ಲ. ಕೃಷ್ಣರಾಜಪುರದ ಪಕ್ಕದ ದೂರವಾಣಿನಗರದಲ್ಲಿ 1948ರಲ್ಲಿ ಐ.ಟಿ.ಐ. ಟೆಲಿಫೋನ್ ಕಾರ್ಖಾನೆ ಶುರುವಾಯಿತು. 1961ರ ಅಪ್ರೆಂಟಿಸ್ ಕಾಯ್ದೆ ಇಂಥ ಉದ್ದಿಮೆಗಳು ಹೊಸಬರಿಗೆ ಕೆಲಸ ಕಲಿಸಲೇಬೇಕೆಂದು ವಿಧಿಸಿತು. ಕಲಿಸುವ ಖರ್ಚಿಗೆ ಒಬ್ಬ ವಾರಸುದಾರ ಇದ್ದ. ಫ್ರೀಲ್ಯಾನ್ಸ್ ಪೇಟೆಯಲ್ಲಿ ಆ ಖರ್ಚು ಯಾರದೂ ಅಲ್ಲ.

ಸದ್ಯಕ್ಕೆ ಉಳಿದಿರುವುದು ಯಾವ ತಾಣಕ್ಕೂ ಬಾರದ ಗಿರಾಕಿಗಳು: ಸ್ಟಾಕನ್ನು ಇನ್ನೂ ಎಕ್ಸೆಲ್‌ನಲ್ಲಿ ಬರೆಯುವ ಮಹದೇವಪುರದ ಸಣ್ಣ ವರ್ಕ್‌ಶಾಪು, ರೋಗಿಗಳ ಟೋಕನ್ನಿಗೆ ನೋಟ್‌ಬುಕ್ ಇಟ್ಟ ಕ್ಲಿನಿಕ್ಕು. ಅಲ್ಲಿ ಕೆಲಸ ಮುಗಿದ ಮೇಲೆ, ಏನು ಮಾಡಿದೆ, ಎಷ್ಟು ದಿನ ಹಿಡಿಯಿತು ಎಂದು ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಬಾಯಿಮಾತಿನ ಹೊಗಳಿಕೆ ಟಿನ್ ಫ್ಯಾಕ್ಟರಿ ಬಸ್‌ಸ್ಟಾಪ್ ದಾಟುವುದಿಲ್ಲ. ಈ ದಾರಿಯೂ ಎಂದೆಂದಿಗೂ ಇರುವಂಥದ್ದಲ್ಲ. ಮಾಲೀಕರ ಮಗಳೇ ಕಾಲೇಜಿನಿಂದ ಬಂದು ಚಾಟ್‌ಜಿಪಿಟಿಯನ್ನು ಕೇಳಿ ಮಾಡಿಕೊಳ್ಳುವ ತನಕ ಅಷ್ಟೇ.