ಮೆಕಿಯಾವೆಲಿಗೆ ಅಂಟಿದ ಕಳಂಕ

‘ಮೆಕಿಯಾವೆಲಿಯನ್ ತಂತ್ರ’ ಎಂದರೆ ಸಾಕು, ಮೋಸ, ಒಳಸಂಚು, ಕುರ್ಚಿಗಾಗಿ ಯಾವುದಕ್ಕೂ ಹೇಸದ ಮನಸ್ಸು ಕಣ್ಣ ಮುಂದೆ ಬರುತ್ತದೆ. ಆದರೆ ಆ ಹೆಸರು ಹೊತ್ತಿದ್ದ ನಿಕೊಲೊ ಮೆಕಿಯಾವೆಲಿ 1498ರಿಂದ 14 ವರ್ಷ ಫ್ಲಾರೆನ್ಸ್ ಗಣರಾಜ್ಯಕ್ಕೆ ನಿಷ್ಠೆಯಿಂದ ದುಡಿದ ಅಧಿಕಾರಿ. 1512ರಲ್ಲಿ ಮೆಡಿಚಿ ಮನೆತನ ಮತ್ತೆ ಅಧಿಕಾರ ಹಿಡಿದಾಗ ಅವನ ಕೆಲಸ ಹೋಯಿತು. ಮರುವರ್ಷ ಸಂಚಿನ ಶಂಕೆಯ ಮೇಲೆ ಸೆರೆಗೆ ತಳ್ಳಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಹಗ್ಗದಿಂದ ಮೇಲೆತ್ತಿ ಹಿಂಸಿಸಿದರು. ಬಿಡುಗಡೆಯಾದ ಮೇಲೆ ಹಳ್ಳಿಯ ತೋಟದ ಮನೆ ಸೇರಿದ. ಸಂಜೆಯಾದರೆ ಮಣ್ಣು ಮೆತ್ತಿದ ಬಟ್ಟೆ ಕಳಚಿ, ಆಸ್ಥಾನದ ಉಡುಪು ತೊಟ್ಟು, ಪ್ರಾಚೀನರ ಗ್ರಂಥಗಳ ಮುಂದೆ ಕೂರುವುದಾಗಿ ಆ ಡಿಸೆಂಬರಿನಲ್ಲಿ ಗೆಳೆಯ ವೆಟ್ಟೋರಿಗೆ ಪತ್ರ ಬರೆದ. ಅವನಿಗೆ ಈ ಕಳಂಕ ತಂದ ‘ದಿ ಪ್ರಿನ್ಸ್’ ಗ್ರಂಥ ರೂಪುಗೊಂಡದ್ದು ಅಲ್ಲಿ. ಅದು ಅಚ್ಚಾದದ್ದು 1532ರಲ್ಲಿ, ಅವನು ತೀರಿಹೋಗಿ ಐದು ವರ್ಷಗಳಾದ ಮೇಲೆ. 1559ರಲ್ಲಿ ರೋಮಿನ ಚರ್ಚು ಅವನ ಬರಹಗಳನ್ನು ನಿಷೇಧಿಸಿತು. ಸತ್ತವನು ತನ್ನ ಪರ ವಾದಿಸುವುದೆಂತು?

ಹೆಸರಿನ ವಿಷಯದಲ್ಲಿ ಅದೇ ಕಾಲದ ಬೇರೆ ಪಂಡಿತರ ಅದೃಷ್ಟ ಚೆನ್ನಾಗಿತ್ತು. ಎಂಟು ಸಾಲು, ಆರು ಸಾಲು ಎಂದು ಒಡೆಯುವ ಸಾನೆಟ್ಟಿಗೆ ಅವರಿಗಿಂತ ಹಿಂದಿನ ಪೆಟ್ರಾರ್ಕನ ಹೆಸರು ನಿಂತಿತು. ಗ್ರೀಕ್ ಉಚ್ಚಾರಣೆಯಲ್ಲಂತೂ ಇಬ್ಬರು ಪಂಡಿತರ ಹೆಸರಿನಲ್ಲಿ ಎರಡು ಪಕ್ಷಗಳೇ ಆದವು. ಆ ಕಾಲದ ಗ್ರೀಕರ ಬಾಯಲ್ಲಿದ್ದ ರೂಢಿ ರಾಯ್ಕ್ಲಿನ್‌ನ ಹೆಸರಿಗೆ ಸೇರಿತು. ಪ್ರಾಚೀನರು ಹಾಗೆ ನುಡಿಯುತ್ತಿರಲಿಲ್ಲ ಎಂದು 1528ರಲ್ಲಿ ವಾದಿಸಿದ ಎರಾಸ್ಮಸ್‌ನ ಹೆಸರಿನಲ್ಲಿ ಇನ್ನೊಂದು ಪದ್ಧತಿ ಬೆಳೆಯಿತು. 1542ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕುಲಪತಿ ಸ್ಟೀಫನ್ ಗಾರ್ಡಿನರ್ ಈ ಹೊಸ ಉಚ್ಚಾರಣೆಯನ್ನು ನಿಷೇಧಿಸಿ, ಮೀರಿದವರಿಗೆ ಶಿಕ್ಷೆ ಗೊತ್ತುಮಾಡಿದ. ಒಂದು ಸ್ವರಕ್ಕಾಗಿ ಇಷ್ಟು ಜಗಳ! ವಿದ್ಯೆಯ ಮೇಲಿನ ಆ ತೀವ್ರತೆ ನನಗೆ ಪ್ರಿಯ. ಇಂದು ಪಶ್ಚಿಮದ ಬಹುಪಾಲು ತರಗತಿಗಳಲ್ಲಿ ಪ್ರಾಚೀನ ಗ್ರೀಕನ್ನು ಓದುವುದು ಎರಾಸ್ಮಿಯನ್ ರೀತಿಯಲ್ಲೇ.

ಮೆಕಿಯಾವೆಲಿಯ ಪಾಲಿಗೆ ಬಂದದ್ದು ಬೈಗುಳ. ಲಿವಿಯ ರೋಮ್ ಇತಿಹಾಸವನ್ನು ಹಿಡಿದು ಅವನು ಬರೆದ ‘ಡಿಸ್ಕೋರ್ಸಸ್’ ಇನ್ನೂ ದೊಡ್ಡ ಗ್ರಂಥ. ದೊರೆಗಿಂತ ಜನಸಮೂಹ ಹೆಚ್ಚು ವಿವೇಕಿ, ಹೆಚ್ಚು ಸ್ಥಿರ ಎಂದು ಅವನು ವಾದಿಸಿದ್ದು ಅದರಲ್ಲಿ. ಅವನ ಹೆಸರಿನ ವಿಶೇಷಣದಲ್ಲಿ ಆ ಮಾತಿನ ಸುಳಿವೂ ಇಲ್ಲ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ‘ಅರ್ಥಶಾಸ್ತ್ರ’ವನ್ನು ಪ್ರಕಟಿಸಿದ ಮೇಲೆ ಕೌಟಿಲ್ಯನನ್ನೂ ‘ಭಾರತದ ಮೆಕಿಯಾವೆಲಿ’ ಎನ್ನುವವರು ಹುಟ್ಟಿಕೊಂಡರು. ತೂಕ, ಅಳತೆ, ಗಣಿ, ಸುಂಕದವರೆಗೆ ಆಡಳಿತದ ವಿವರ ತುಂಬಿದ ಗ್ರಂಥಕ್ಕೂ ‘ಡಿಸ್ಕೋರ್ಸಸ್’ ಬರೆದವನಿಗೂ ಒಟ್ಟಿಗೇ ಮಾಡುವ ಅನ್ಯಾಯ ಅದು. ಆ ವಿಶೇಷಣವನ್ನು ಯಾರ ಮೇಲಾದರೂ ಪ್ರಯೋಗಿಸುವ ಮುನ್ನ ‘ಡಿಸ್ಕೋರ್ಸಸ್’ನ ಮೊದಲ ಭಾಗವನ್ನಾದರೂ ಓದಿ.